ಕರ ಹೋಯ್ತು...

ನಮ್ಮ ದೊಡ್ಡಬಳ್ಳಾಪುರದ ಕಡೆ ಹಸು ಸತ್ತರೆ ಊರೇ ವಿಚಾರಿಸುತ್ತೆ. ಡಾಕ್ಟರ್ ಬರ್ತಾರೆ, ಕೊಯ್ದು ನೋಡ್ತಾರೆ, ಕಿವಿಯೋಲೆಯ ನಂಬರ್ ಬರ್ಕೊಳ್ತಾರೆ. ವಿಮೆ ಹಣ ಬರಬೇಕಲ್ಲ! ಅದೇ ಕರು ಸತ್ತರೆ "ಕರ ಹೋಯ್ತು" ಅನ್ನೋ ಎರಡೇ ಪದ. ಗುಂಡಿ ತೋಡಿ ಮಣ್ಣೆಳೆದರೆ ಮುಗೀತು. ಸಂಜೆ ಡೈರಿಗೆ ಹಾಲು ಹಾಕೋ ಹೊತ್ತಿಗೆ ಮರೆತೂ ಹೋಗಿರುತ್ತೆ. ಗಂಡುಗರು ಆಗಿದ್ರಂತೂ ಒಳಗೊಳಗೇ ಒಂಚೂರು ಸಮಾಧಾನ ಬೇರೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ನಮ್ಮಕ್ಕನ ಮನೇಲಿ ಆರು ತಿಂಗಳೊಳಗೆ ಎರಡು ಕರು ಹೋದವು. ಎರಡೂ ಹೆಣ್ಣು, ಎರಡೂ ಸೀಮೆಹಸುವಿನವು, ಎರಡಕ್ಕೂ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಮೊದಲನೆಯದು ಹಾಲು ಕುಡಿಯೋದು ಬಿಡ್ತು. ಮೈ ಮುಟ್ಟಿದ್ರೆ ಕೆಂಡ. ನಾಲ್ಕನೇ ದಿನಕ್ಕೆ ಒಂದು ಕಣ್ಣುಗುಡ್ಡೆ ಮುಂದಕ್ಕೆ ತಳ್ಳಿಕೊಂಡು ಬಂತು... ನೋಡೋಕಾಗ್ತಿರಲಿಲ್ಲ. ಹಸು ಕೊಂಬಲ್ಲಿ ತಿವಿದಿರಬೇಕು ಅಂದ್ರು ಭಾವ. ಅಕ್ಕನ ಅತ್ತೆ ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರು. ಪಕ್ಕದ ಮನೆಯವರು ಬರೆ ಹಾಕ್ಸಿ ಅಂದ್ರು, ಪುಣ್ಯಕ್ಕೆ ಅಕ್ಕ ಒಪ್ಪಲಿಲ್ಲ. ಎರಡನೇ ಕರುವಿಗೆ ಕಣ್ಣು ಸರಿಯಾಗೇ ಇತ್ತು, ಆದ್ರೆ ಒಸಡು ಸುಣ್ಣ ಬಳಿದ ಹಾಗೆ ಬಿಳುಚಿಕೊಂಡು, ನಿಲ್ಲೋಕೂ ಆಗದೆ ಹೋಯ್ತು. ಎರಡೂ ಒಂದೇ ಕಾಯಿಲೆ ಅಂತ ಯಾರಿಗೆ ಹೊಳೀಬೇಕು ಹೇಳಿ?

ಮೂರನೆಯದಕ್ಕೆ ಜ್ವರ ಬಂದಾಗ ಮಾತು ಕೊಟ್ಟಿಗೆಯ ವಾಸ್ತುವಿನವರೆಗೂ ಹೋಗಿತ್ತು. ಅಕ್ಕ ಯಾರ ಮಾತೂ ಕೇಳದೆ 1962ಕ್ಕೆ ಫೋನ್ ಮಾಡಿದ್ಲು. ಬಂದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಆಕೆ ಮೊದಲು ಕೈ ಇಟ್ಟಿದ್ದು ಕರುವಿನ ಭುಜದ ಮುಂದೆ. ಅಲ್ಲಿ ನಿಂಬೆಹಣ್ಣಿನಷ್ಟು ಗಂಟು! ಆಮೇಲೆ ಕಿವಿ ಮಡಚಿ ತೋರಿಸಿದ್ರು, ಒಳಗೆ ಸಾಲಾಗಿ ಉಣ್ಣೆ ಹುಳ. ಕಿವಿಯಂಚು ಚುಚ್ಚಿ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿಕೊಂಡ್ರು. "ಇದನ್ನ ಲ್ಯಾಬಿಗೆ ಕಳಿಸ್ತೀನಿ ಅಕ್ಕ, ಆದ್ರೆ ಅಲ್ಲೀವರೆಗೆ ಕಾಯೋದು ಬೇಡ" ಅಂತ ಆಗಲೇ ಕುತ್ತಿಗೆಗೆ ಇಂಜೆಕ್ಷನ್ ಕೊಟ್ರು. ಬುಪಾರ್ವಕ್ವೋನ್ ಅಂತ ಅದರ ಹೆಸರು. ಕರು ಉಳೀತು. ತಿಂಗಳುಗಟ್ಟಲೆ ಬಡಕಲಾಗೇ ಇತ್ತು, ಆದ್ರೂ ಉಳೀತು.

ಕಾಯಿಲೆ ಹೆಸರು ಥೈಲೇರಿಯಾಸಿಸ್. ಅರ್ನಾಲ್ಡ್ ಥೈಲರ್ ಅನ್ನೋ ಸ್ವಿಟ್ಜರ್ಲೆಂಡಿನ ಪಶುವೈದ್ಯ ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮಾಡಿದ್ದ, ಅವನ ಹೆಸರೇ ಈ ಜೀವಿಗೆ. (ಅವನ ಮಗ ಮ್ಯಾಕ್ಸ್ ಥೈಲರ್‌ಗೆ 1951ರಲ್ಲಿ ನೊಬೆಲ್ ಬಂತು, ಹಳದಿ ಜ್ವರದ ಲಸಿಕೆಗೆ. ಇದು ಸುಮ್ಮನೆ ಹೇಳಿದ್ದು!) ಉಣ್ಣೆ ಕಚ್ಚಿದಾಗ ಒಳಹೊಕ್ಕ ಈ ಸೂಕ್ಷ್ಮಜೀವಿ ಮೊದಲು ಬಿಳಿ ರಕ್ತಕಣಗಳಲ್ಲಿ ಸೇರಿಕೊಂಡು ಅವನ್ನು ಕ್ಯಾನ್ಸರ್ ಥರ ಬೆಳೆಸುತ್ತೆ. ಭುಜದ ಗಂಟು ಅದೇ. ಕಣ್ಣ ಹಿಂದೆಯೂ ಹಾಗೇ ತುಂಬಿಕೊಂಡರೆ ಗುಡ್ಡೆ ಹೊರಗೆ ಬರುತ್ತೆ. ಆಮೇಲೆ ಕೆಂಪು ಕಣಗಳಿಗೆ ನುಗ್ಗಿದಾಗ ರಕ್ತಹೀನತೆ. ನಾಟಿ ಹಸುಗಳು ಇದನ್ನ ಬಹುಮಟ್ಟಿಗೆ ತಡ್ಕೊಳ್ತವೆ, ಸೀಮೆಹಸುವಿನ ಕರುಗಳಿಗೆ ಆ ಶಕ್ತಿ ಕಡಿಮೆ. ನಮ್ಮ ಪಕ್ಕದ ಹೆಸರಘಟ್ಟಕ್ಕೆ ಡೆನ್ಮಾರ್ಕಿನ ನೆರವಲ್ಲಿ ವೀರ್ಯ ಕೇಂದ್ರ ಬಂದದ್ದು 1969ರಲ್ಲಿ. ಮಿಶ್ರತಳಿಯಿಂದ ಹಾಲು ಹೆಚ್ಚಿತು, ನಮ್ಮ ಮನೆಗಳ ಸಾಲ ತೀರಿತು, ಮಕ್ಕಳು ಓದಿದ್ರು. ನಾನೂ ಆ ಹಾಲಿನ ದುಡ್ಡಲ್ಲೇ ಓದಿದವನು, ಹಾಗಾಗಿ ಸೀಮೆಹಸುವನ್ನ ಬಯ್ಯೋಕೆ ನನಗೆ ಬಾಯಿ ಬರಲ್ಲ. ಆದ್ರೆ ಆ ತಳಿಯ ಜೊತೆಗೇ ಬರೋ ಈ ಕಾಯಿಲೆಯ ಹೆಸರು ನಮ್ಮ ಕೊಟ್ಟಿಗೆಗೆ ತಲುಪೋಕೆ ಎರಡು ಕರು ಸಾಯಬೇಕಾಯ್ತು.

ಲಸಿಕೆಯೂ ಇದೆ, ಆದ್ರೆ ತೀರಾ ಎಳೇ ಕರುಗಳಿಗೆ ಹಾಕಲ್ಲ. ಅವಕ್ಕೆ ಉಣ್ಣೆ ಹತ್ತದ ಹಾಗೆ ನೋಡ್ಕೊಳ್ಳೋದೇ ದಾರಿ. ಉಣ್ಣೆ ಬರೀ ಮೈಮೇಲೆ ಇರಲ್ಲ, ಗೋಡೆ ಬಿರುಕಲ್ಲಿ ಅಡಗಿರುತ್ತೆ. ಭಾವ ಈಗ ಕೊಟ್ಟಿಗೆಯ ಸಂದುಗೊಂದುಗಳಿಗೆಲ್ಲ ಸಿಮೆಂಟು ಮೆತ್ತಿ ಸುಣ್ಣ ಹೊಡೆದಿದ್ದಾರೆ.

ಹಾಗಂತ ಸಾಯೋ ಕರುವೆಲ್ಲ ಇದರಿಂದಲೇ ಸಾಯಲ್ಲ. ಹೊಕ್ಕುಳು ಕೀತು ಹೋಗ್ತವೆ, ತಾಯಿ ಹಾಲಿನ ಮೂಲಕವೇ ಬರೋ ಜಂತುಹುಳದಿಂದ ಹೋಗ್ತವೆ. ನನಗೆ ಹೊಟ್ಟೆ ಉರಿಯೋದು ಗಿಣ್ಣಿನ ವಿಷಯಕ್ಕೆ. ಮಾಸು ಬೀಳೋವರೆಗೂ ಕರುವನ್ನ ಮೊಲೆಗೆ ಬಿಡಬಾರದು ಅನ್ನೋರು ಇನ್ನೂ ಇದ್ದಾರೆ. ಮನುಷ್ಯರ ಕೂಸಿಗೆ ಹೊಟ್ಟೆಯಲ್ಲಿದ್ದಾಗಲೇ ತಾಯಿಯ ರೋಗನಿರೋಧಕ ಶಕ್ತಿ ಸ್ವಲ್ಪ ಸಿಗುತ್ತೆ, ಕರುವಿಗೆ ಅದೂ ಇಲ್ಲ. ಎಲ್ಲಾ ಗಿಣ್ಣಿಂದಲೇ ಬರಬೇಕು. ಅದನ್ನ ಹೀರಿಕೊಳ್ಳೋ ತಾಕತ್ತು ಕರುಳಿಗೆ ಇರೋದು ಹುಟ್ಟಿದ ಮೊದಲ 24 ಗಂಟೆ, ಅದೂ ಗಂಟೆಗಂಟೆಗೂ ಇಳೀತಾ ಹೋಗುತ್ತೆ. ಮೂವತ್ತು ಕೆಜಿ ಕರುವಿಗೆ ಮೊದಲ ದಿನ ಮೂರು ಲೀಟರ್ ಬೇಕು. ನಾವೋ, ಮೊದಲ ಕರಾವಿನ ಗಿಣ್ಣಿಗೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಬೀದಿಗೆಲ್ಲ ಹಂಚ್ತೀವಿ! ರುಚಿ ನನಗೂ ಇಷ್ಟ. ಕರು ಕುಡಿದು ಉಳಿದದ್ದು ನಮಗಿರಲಿ.

ಈ ಮಾತಿಗೆ ಊರಲ್ಲಿ ಒಬ್ಬ ಹಿರಿಯರು, "ಹಾಲೆಲ್ಲ ಕರುಗೆ ಬಿಟ್ರೆ ಡೈರಿಗೆ ಏನಯ್ಯಾ ಹಾಕೋದು, ನೀರಾ?" ಅಂದ್ರು. ಡೈರಿಗೆ ಗಿಣ್ಣು ಹಾಕೋ ಹಾಗೇ ಇಲ್ಲ ತಾತ ಅಂದೆ. ನಕ್ಕು ಸುಮ್ಮನಾದ್ರು.

ಅಂದಹಾಗೆ, ಕಣ್ಣುಗುಡ್ಡೆ ಮುಂದೆ ಬರೋ ಈ ಕಾಯಿಲೆಗೆ ನಮ್ಮೂರಲ್ಲಿ ಹೆಸರೇ ಇಲ್ಲ. ಹೊಸಕೋಟೆ, ನೆಲಮಂಗಲ, ಕೋಲಾರದ ಕಡೆಯವರು ಯಾರಾದ್ರೂ ಓದ್ತಿದ್ರೆ, ನಿಮ್ಮಲ್ಲಿ ಏನಂತ ಕರೀತಾರೆ ಅಂತ ತಿಳಿಸ್ತೀರಾ?