ಕಪ್ಪು ನಲ್ಲಿ, ಬೋರ್‌ವೆಲ್ ನೀರು

ಕೆ.ಆರ್. ಪುರದ ನಮ್ಮ ಮನೆಯ ಬಚ್ಚಲು ರಿಪೇರಿಗೆ ಬಂದಾಗ ಮೊಮ್ಮಗಳು ಮೊಬೈಲಿನಲ್ಲಿ ಕಪ್ಪು ನಲ್ಲಿ ತೋರಿಸಿ, ‘ತಾತ, ಇದೇ ಬೇಕು’ ಎಂದಳು. ನೋಡಲು ಚೆನ್ನ. ಆದರೆ ನಮ್ಮದು ಬೋರ್‌ವೆಲ್ ನೀರು. ಹನಿ ಆರಿದ ಮೇಲೆ ಅದರ ಕ್ಯಾಲ್ಸಿಯಂ, ಮೆಗ್ನೀಶಿಯಂ ಬಿಳಿ ಕಲೆಯಾಗಿ ಉಳಿಯುತ್ತವೆ. ಕಪ್ಪಿನ ಮೇಲೆ ರಂಗೋಲಿ ಇಟ್ಟ ಹಾಗೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ಇಂದಿರಾನಗರದ ತಂಗಿಯ ಮನೆಗೆ ಬರುವುದು ಕಾವೇರಿ, ಅವಳಿಗೆ ಈ ಕಾಟ ಕಡಿಮೆ.

ಹೊಳೆಯುವ ಕ್ರೋಮ್ ನಲ್ಲಿಯಲ್ಲೂ ಕಲೆ ಕಾಣುತ್ತದೆ, ಆದರೆ ನುಣುಪಾದ್ದರಿಂದ ಬೇಗ ಒರೆಸಿದರೆ ಹೋಗುತ್ತದೆ. ಸಣ್ಣ ಗೆರೆಗಳ ಮಂದ ಸ್ಟೀಲ್ ಬಣ್ಣವಾದರೆ ಕಲೆಯಾಗಲಿ ಬೆರಳಚ್ಚಾಗಲಿ ಅಷ್ಟಾಗಿ ಕಾಣಿಸುವುದಿಲ್ಲ. ಒರೆಸುವವರು ನಾವಿಬ್ಬರು ಮುದುಕರೇ, ಅದರಲ್ಲೂ ನನ್ನವಳಿಗೆ ಬೆರಳ ಗಂಟು ನೋವು. ಮಂದ ಸ್ಟೀಲನ್ನೇ ತಂದೆವು. ಕಲೆ ಗಟ್ಟಿಯಾದರೆ, ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿದ ಬಟ್ಟೆ ಐದು ನಿಮಿಷ ಸುತ್ತಿಟ್ಟು ತೊಳೆಯುತ್ತೇವೆ. ಆಸಿಡ್, ಸ್ಟೀಲ್ ನಾರು ಹತ್ತಿರಕ್ಕೂ ತರುವುದಿಲ್ಲ.

ಮೊಮ್ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಬಾಗಿಲ ಹಿಂದಿನ ಟವೆಲ್ ಕೊಕ್ಕೆ ಕಪ್ಪನೆಯದು ಕೊಡಿಸಿದೆ. ಅಲ್ಲಿಗೆ ನೀರು ಸಿಡಿಯುವುದಿಲ್ಲ.