ಟೋಕಿಯೊದಲ್ಲಿ ಕುಣಿಗಲ್ ಕೆರೆಯ ಲೆಕ್ಕ

ತುಮಕೂರು ಕಡೆಯ ಫೋಟೊ ಹವ್ಯಾಸಿಗಳಲ್ಲಿ ಒಂದು ಹಳೆಯ ರೂಢಿಯಿದೆ. ಪರಿಚಯದವರ ಮಗ ಸಿಂಗಪುರಕ್ಕೆ ಹೊರಟಿದ್ದಾನೆ, ಓರಗಿತ್ತಿಯ ಮಗಳು ಅಮೆರಿಕದಿಂದ ರಜಕ್ಕೆ ಬರುತ್ತಿದ್ದಾಳೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಲೆನ್ಸಿನ ಹೆಸರು ಬರೆದ ಚೀಟಿಯೊಂದು ಅವರ ಕೈ ಸೇರುತ್ತದೆ. ಈಗ ಚೀಟಿಯ ಜಾಗಕ್ಕೆ ವಾಟ್ಸ್‌ಆಪ್ ಬಂದಿದೆ, ರೂಢಿ ಹೋಗಿಲ್ಲ. 1991ರ ಆರ್ಥಿಕ ಉದಾರೀಕರಣಕ್ಕೆ ಮುಂಚೆ ಇದಕ್ಕೆ ಗಟ್ಟಿಯಾದ ಕಾರಣವೇ ಇತ್ತು. ಆಮದಿಗೆ ಕಟ್ಟುಪಾಡು, ಅದರ ಮೇಲೆ ಭಾರಿ ಸುಂಕ. ತುಮಕೂರಿನ ಬಿ.ಎಚ್. ರಸ್ತೆಯ ಸ್ಟುಡಿಯೊದವರು ಕ್ಯಾಮೆರಾದ ಜೊತೆಗೆ ಬಂದ ಒಂದೇ ಲೆನ್ಸಿನಲ್ಲಿ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ ಎಲ್ಲವನ್ನೂ ನಿಭಾಯಿಸುತ್ತಿದ್ದರು. ಬೇರೆ ಲೆನ್ಸ್ ಬೇಕೆಂದರೆ ಗಲ್ಫ್‌ನಿಂದ ಬರುವವರ ಸೂಟ್‌ಕೇಸಿಗೆ ಕಾಯಬೇಕು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಕರ್ನಾಟಕದ ಕಾಡನ್ನು ಜಗತ್ತಿಗೆ ತೋರಿಸಿದ್ದು ಆ ಕಾಲದಲ್ಲಿಯೇ. ಒಂದು ಲೆನ್ಸ್ ಕೈಗೆ ಬರುವುದಕ್ಕೆ ಎಷ್ಟು ಕಾಯಬೇಕಿತ್ತೆಂದು ನೆನೆದರೆ ಅವರ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ.

ಈಗ ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಎಲ್ಲ ಕಂಪನಿಯ ಲೆನ್ಸುಗಳೂ ಸಿಗುತ್ತವೆ. ಹಾಗಿದ್ದೂ ವಿದೇಶಕ್ಕೆ ಹೊರಟವರ ಮನಸ್ಸು ಮೊದಲು ಕ್ಯಾಮೆರಾ ಅಂಗಡಿಯ ಕಡೆಗೇ ಎಳೆಯುತ್ತದೆ. ಆ ಸೆಳೆತವನ್ನು ನಾನು ಬಲ್ಲೆ. ಮಗಳು ಟೋಕಿಯೊದಲ್ಲಿ ಕೆಲಸಕ್ಕೆ ಸೇರಿ, ನಾವು ಗಂಡ ಹೆಂಡತಿ ಅಲ್ಲಿಗೆ ಹೊರಟಾಗ ನನ್ನ ಮನಸ್ಸಿನಲ್ಲಿ ಫ್ಯೂಜಿ ಪರ್ವತಕ್ಕಿಂತ ಹೆಚ್ಚಾಗಿ ಇದ್ದದ್ದು ಅಲ್ಲಿನ ಶಿಂಜುಕುವಿನ ಕ್ಯಾಮೆರಾ ಅಂಗಡಿಗಳು.

ಆದರೆ ಹೊರಡುವ ಮುನ್ನ ಕುಣಿಗಲ್ ಕೆರೆಯ ಏರಿಯ ಮೇಲೆ ನಿಂತು ಒಂದು ಲೆಕ್ಕ ಹಾಕಿದ್ದೆ. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಬೆಳಕಿನ ಪಾಠ ನನಗೆ ಯಾವತ್ತೂ ಪ್ರೀತಿಯದು. ಹೇಮಾವತಿ ನೀರು ಬಂದು ಕೆರೆ ತುಂಬಿದಾಗ ಹಕ್ಕಿಗಳು ದಡ ಬಿಟ್ಟು ದೂರ ಸರಿಯುತ್ತವೆ. ಬಣ್ಣದ ಕೊಕ್ಕರೆ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ಅದು ನೂರು ಮೀಟರ್ ದೂರದಲ್ಲಿ ನಿಂತಿದ್ದರೆ 300 ಎಂಎಂ ಲೆನ್ಸಿನಲ್ಲಿ ಸೆನ್ಸರ್ ಮೇಲೆ ಬೀಳುವ ಅದರ ಬಿಂಬ ಬರೀ 3 ಮಿಲಿಮೀಟರ್. 500 ಎಂಎಂನಲ್ಲಿ 5 ಮಿಲಿಮೀಟರ್. ಫುಲ್ ಫ್ರೇಮ್ ಸೆನ್ಸರಿನ ಎತ್ತರ 24 ಮಿಲಿಮೀಟರ್ ಆದ್ದರಿಂದ ಅಷ್ಟು ಉದ್ದದ ಲೆನ್ಸ್ ಹಾಕಿದರೂ ಕೊಕ್ಕರೆ ಚಿತ್ರದ ಐದನೇ ಒಂದು ಭಾಗವನ್ನಷ್ಟೇ ತುಂಬುತ್ತದೆ. ಅದೇ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಇದೇ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ, ಊರಿನವರೇ ಅವನ್ನು ಕಾಯುತ್ತಾರೆ. ಸಾಧಾರಣ ಲೆನ್ಸಿನಲ್ಲಿಯೇ ಮರಿಗೆ ಗುಟುಕು ಕೊಡುವ ಚಿತ್ರ ಸಿಗುತ್ತದೆ. ಒಂದೇ ಜಿಲ್ಲೆ, ಒಂದೇ ಹಕ್ಕಿ, ಬೇಕಾದ ಲೆನ್ಸ್ ಬೇರೆ. ಅಂಗಡಿಯ ಗಾಜಿನ ಮುಂದೆ ನಿಂತಾಗ ಈ ದೂರಗಳು ನೆನಪಿನಲ್ಲಿ ಇಲ್ಲದಿದ್ದರೆ, ಹೊಳೆಯುವುದೆಲ್ಲ ಬೇಕೆನ್ನಿಸುತ್ತದೆ.

ಇನ್ನೊಂದು ಲೆಕ್ಕ ಗುಬ್ಬಿಯದು. ಗುಬ್ಬಿ ಎಂದರೆ ವೀರಣ್ಣನವರು, 1884ರಲ್ಲಿ ಶುರುವಾಗಿ ಆಮೇಲೆ ಅವರು ನಡೆಸಿದ ನಾಟಕ ಕಂಪನಿ ಎಂದು ನಾಡಿಗೆಲ್ಲ ಗೊತ್ತು. ಆ ಕಂಪನಿಯ ವೈಭವ ಕಣ್ಮರೆಯಾದರೂ ನಮ್ಮ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ ಬಾಡಿಗೆ ಸೀನರಿ ಕಟ್ಟಿಸಿ ರಾತ್ರಿಯಿಡೀ ಕುರುಕ್ಷೇತ್ರ ಆಡುತ್ತಾರೆ. ಬಸ್ ಕಂಡಕ್ಟರ್ ಕರ್ಣನಾಗುತ್ತಾನೆ, ತೆಂಗಿನ ತೋಟದ ಯಜಮಾನ ತಾನೇ ದುಡ್ಡು ಕೊಟ್ಟು ದುರ್ಯೋಧನನ ಪಾತ್ರ ವಹಿಸುತ್ತಾನೆ. ತಿಂಗಳುಗಟ್ಟಲೆ ಅವರಿಗೆಲ್ಲ ಕಂದಪದ್ಯ ಹೇಳಿಕೊಟ್ಟ ಹಾರ್ಮೋನಿಯಂ ಮೇಷ್ಟ್ರು ರಂಗದ ಮಗ್ಗುಲಲ್ಲಿ, ಬೆಳಕು ಬೀಳದ ಕಡೆ ಕೂತಿರುತ್ತಾರೆ. ಬಣ್ಣದ ಲೈಟು ರಾಜನ ಕಿರೀಟದ ಮೇಲೆ ಬೀಳುತ್ತದೆಯೇ ಹೊರತು ಮೇಷ್ಟ್ರ ಬೆರಳುಗಳ ಮೇಲೆ ಬೀಳುವುದಿಲ್ಲ. ಕಂದಪದ್ಯ ಎತ್ತಿಕೊಂಡ ನಟನ ಕಣ್ಣಿಗೆ ಫ್ಲ್ಯಾಷ್ ಹೊಡೆಯುವುದು ತಪ್ಪು. ಅಲ್ಲಿ ಬೇಕಾದದ್ದು ಬೆಳಕನ್ನು ಬಾಚಿಕೊಳ್ಳುವ ಲೆನ್ಸ್. ಹಕ್ಕಿ ಚಿತ್ರದ ದೊಡ್ಡ ಲೆನ್ಸುಗಳ ಅಪರ್ಚರ್ ಎಫ್ 5.6ರ ಆಸುಪಾಸು. ಎಫ್ 2.5ರ ಲೆನ್ಸ್ ಅದಕ್ಕಿಂತ ಐದು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ, ಎಫ್ 1.8 ಆದರೆ ಹೆಚ್ಚುಕಡಿಮೆ ಹತ್ತು ಪಟ್ಟು. ಮೇಷ್ಟ್ರ ಮುಖ ಚಿತ್ರದಲ್ಲಿ ಮೂಡುವುದೂ ಕಪ್ಪಾಗಿ ಹೋಗುವುದೂ ಇಷ್ಟರ ಮೇಲೆ ನಿಂತಿದೆ.

ಈ ಎರಡು ಲೆಕ್ಕಗಳನ್ನು ಇಟ್ಟುಕೊಂಡೇ ಟೋಕಿಯೊದಲ್ಲಿ ಇಳಿದೆ.

ಪರದೇಶದಲ್ಲಿ ಲೆನ್ಸ್ ಹುಡುಕುವುದಕ್ಕೆ ಆ ಊರಿನಲ್ಲಿ ದೊಡ್ಡ ಇತಿಹಾಸವಿದೆ. 1950ರಲ್ಲಿ ಲೈಫ್ ಪತ್ರಿಕೆಯ ಫೋಟೊಗ್ರಾಫರ್ ಡೇವಿಡ್ ಡಗ್ಲಾಸ್ ಡಂಕನ್ ಟೋಕಿಯೊದಲ್ಲಿದ್ದರು. ಆಗ ಜಪಾನಿನ ಲೆನ್ಸ್ ಎಂದರೆ ಹೊರಗಿನವರು ಮೂಗು ಮುರಿಯುತ್ತಿದ್ದ ಕಾಲ, ಜರ್ಮನಿಯ ಸರಕಿಗೇ ಮಾನ. ಜುನ್ ಮಿಕಿ ಎಂಬ ಜಪಾನಿ ಫೋಟೊಗ್ರಾಫರ್ 85 ಎಂಎಂ ನಿಕ್ಕೋರ್ ಲೆನ್ಸಿನಲ್ಲಿ ಡಂಕನ್‌ರ ಚಿತ್ರ ತೆಗೆದು ತೋರಿಸಿದರು. ಅದರ ಸ್ಫುಟತೆ ಕಂಡು ಬೆರಗಾದ ಡಂಕನ್ ನಿಪ್ಪಾನ್ ಕೊಗಾಕು ಕಂಪನಿಗೆ ಹೋಗಿ ಲೆನ್ಸುಗಳನ್ನು ಪರೀಕ್ಷಿಸಿದರು. ಅವನ್ನು ತಮ್ಮ ಲೈಕಾ ಕ್ಯಾಮೆರಾಗೆ ಹಾಕಿಕೊಂಡು ಕೊರಿಯಾದ ಯುದ್ಧಭೂಮಿಗೆ ನಡೆದರು. ಅಲ್ಲಿಂದ ಬಂದ ಚಿತ್ರಗಳು ಆ ಕಂಪನಿಯ ಹೆಸರನ್ನು ಜಗತ್ತಿಗೆಲ್ಲ ಮುಟ್ಟಿಸಿದವು. 1917ರಲ್ಲಿ ಶುರುವಾದ ಆ ನಿಪ್ಪಾನ್ ಕೊಗಾಕುವೇ ಇಂದಿನ ನಿಕಾನ್. ಪ್ರವಾಸಿಯೊಬ್ಬ ಹೆಸರು ನೋಡದೆ ಚಿತ್ರ ನೋಡಿ ಲೆನ್ಸ್ ಆರಿಸಿಕೊಂಡದ್ದರಿಂದ ಒಂದು ದೇಶದ ಕಸುಬಿಗೇ ಬೆಲೆ ಬಂತು. ನನಗೆ ಬಲು ಇಷ್ಟವಾದ ಕಥೆ ಇದು.

ಶಿಂಜುಕುವಿನ ಬಹುಮಹಡಿ ಅಂಗಡಿಗಳಲ್ಲಿ ಹೊಸ ಲೆನ್ಸುಗಳನ್ನು ನೋಡಿ ಮುಗಿಸಲು ಒಂದು ದಿನ ಸಾಲದು. ನನ್ನ ಮನಸ್ಸನ್ನು ಹಿಡಿದದ್ದು ಮಾತ್ರ ಅಲ್ಲಿನ, ಹಾಗೂ ನಕಾನೊದಂಥ ಬಡಾವಣೆಗಳ, ಸೆಕೆಂಡ್ ಹ್ಯಾಂಡ್ ಅಂಗಡಿಗಳು. ಲೆನ್ಸಿನ ಪಕ್ಕದಲ್ಲಿ ಸಣ್ಣ ಚೀಟಿ. ಅದರಲ್ಲಿ ದರ್ಜೆ, ಬೆಲೆ, ಜೊತೆಗೆ ಇರುವ ಕುಂದೆಲ್ಲ ಬಿಚ್ಚಿ ಬರೆದಿರುತ್ತಾರೆ. ಇಲ್ಲಿ ಗೀರಿದೆ, ಒಳಗೆ ಧೂಳಿದೆ, ರಿಂಗ್ ಬಿಗಿಯಾಗಿದೆ ಎಂದು. ಚೌಕಾಸಿ ಇಲ್ಲ, ಅದರ ಅಗತ್ಯವೂ ಬೀಳುವುದಿಲ್ಲ. ಕೇಳಿದರೆ ಮೆತ್ತನೆ ಬಟ್ಟೆ ಹಾಸಿದ ತಟ್ಟೆಯಲ್ಲಿ ಲೆನ್ಸ್ ತಂದಿಟ್ಟು, ನಮ್ಮದೇ ಕ್ಯಾಮೆರಾಗೆ ಹಾಕಿ ನೋಡಲು ಬಿಡುತ್ತಾರೆ.

ನಾನು ಹುಡುಕುತ್ತಿದ್ದದ್ದು ನಿಕಾನ್‌ನ 105 ಎಂಎಂ ಎಫ್ 2.5. ಆಟೊಫೋಕಸ್ ಇಲ್ಲದ, ಲೋಹದ ಮೈಯ ಹಳೆಯ ಲೆನ್ಸ್. ಸ್ಟೀವ್ ಮೆಕರಿ 1984ರಲ್ಲಿ ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಚಿತ್ರ ತೆಗೆದದ್ದು ಇದರಲ್ಲೇ. ನಿಕಾನ್‌ನ ಎಫ್ ಮೌಂಟ್ 1959ರಿಂದ ಬಂದಿರುವುದರಿಂದ ನನ್ನ ಡಿ750 ಕ್ಯಾಮೆರಾಗೂ ಕೂರುತ್ತದೆ. ಮೆನುವಿನಲ್ಲಿ ಲೆನ್ಸಿನ ಅಳತೆ ತುಂಬಿಸಿದರೆ ಮೀಟರ್ ಕೂಡ ಕೆಲಸ ಮಾಡುತ್ತದೆ.

"ಅಮ್ಮ, ಒಳಗೆ ಧೂಳಿದೆ ಅಂತ ಬರೆದಿದ್ದಾರೆ. ಇದು ಬೇಡ ಬಿಡು," ಎಂದಳು ಮಗಳು ಚೀಟಿ ಓದಿ.

"ಧೂಳು ಇದ್ರೆ ಇರಲಿ ಕಣೇ. ಬೂಷ್ಟು ಇದೆಯಾ ಕೇಳು."

ಇಲ್ಲವೆಂದರು. ಆದರೂ ಅಂಗಡಿಯವರ ಟಾರ್ಚ್ ಪಡೆದು, ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು ನೋಡಿದೆ. ನಾಲ್ಕು ಕಣ ಧೂಳು ಚಿತ್ರಕ್ಕೆ ಏನೂ ಮಾಡದು. ಬೂಷ್ಟು ಹಾಗಲ್ಲ. ಅದು ಜೇಡರ ಎಳೆಯ ಹಾಗೆ ಹಬ್ಬಿ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ. ಆಮೇಲೆ ಅಪರ್ಚರಿನ ಅಲಗುಗಳಿಗೆ ಎಣ್ಣೆ ಹತ್ತಿದೆಯೇ ಎಂದು ನೋಡಬೇಕು, ಫೋಕಸ್ ರಿಂಗ್ ಈ ತುದಿಯಿಂದ ಆ ತುದಿಗೆ ಒಂದೇ ಹದದಲ್ಲಿ ತಿರುಗಬೇಕು. ಕಡೆಗೆ, ನಮ್ಮ ಕಡೆ ಕೊಬ್ಬರಿ ಒಣಗಿತೇ ಎಂದು ಕಾಯನ್ನು ಕಿವಿಯ ಬಳಿ ಅಲ್ಲಾಡಿಸುವಂತೆ, ಲೆನ್ಸನ್ನೂ ಮೆಲ್ಲಗೆ ಅಲ್ಲಾಡಿಸಿ ಕೇಳಿದೆ. ಸದ್ದಿರಲಿಲ್ಲ. ಬೆಲೆ 25,000 ಯೆನ್ ಆಸುಪಾಸು, ಆಗ ಒಂದು ಯೆನ್ನಿಗೆ ಅರ್ಧ ರೂಪಾಯಿಗಿಂತ ಚೂರು ಹೆಚ್ಚಿತ್ತು. ಇಷ್ಟು ಚೊಕ್ಕವಾದ ಹಳೆಯ ಲೆನ್ಸ್, ಇಷ್ಟು ಪ್ರಾಮಾಣಿಕ ವಿವರದೊಂದಿಗೆ, ನಮ್ಮ ಕಡೆ ನಾನು ಕಂಡಿಲ್ಲ. ಲೆನ್ಸಿಗೆ ಭಾಷೆಯ ತೊಡಕೂ ಇಲ್ಲ. ಜಪಾನಿನ ಮಾರುಕಟ್ಟೆಗೆಂದೇ ಮಾಡಿದ ಸೋನಿ ಕ್ಯಾಮೆರಾ ಕೊಂಡರೆ ಸಾಮಾನ್ಯವಾಗಿ ಮೆನು ಬರೀ ಜಪಾನಿಯಲ್ಲಿರುತ್ತದೆ. ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು.

ಹಾಗಾದರೆ ಕುಣಿಗಲ್ ಕೆರೆಗೆ ಬೇಕಾದ ದೊಡ್ಡ ಲೆನ್ಸ್? ಅದನ್ನು ಅಲ್ಲಿ ಎತ್ತಿ ನೋಡಿದೆ, ಕೊಳ್ಳಲಿಲ್ಲ. ನಾನು ಹೋದಾಗಿನ ನಿಯಮ ಹೇಳುತ್ತೇನೆ. ಜಪಾನಿನಲ್ಲಿ 5,000 ಯೆನ್ ಅಥವಾ ಅದಕ್ಕೂ ಮೀರಿದ ಖರೀದಿಗೆ ಪಾಸ್‌ಪೋರ್ಟ್ ತೋರಿಸಿದರೆ ಪ್ರವಾಸಿಗೆ ಶೇ 10ರ ತೆರಿಗೆ ಮಾಫಿ ಇತ್ತು. ಆದರೆ ಆಗ ಜಾರಿಯಲ್ಲಿದ್ದ ನಮ್ಮ 2016ರ ಬ್ಯಾಗೇಜ್ ನಿಯಮದಂತೆ ಸುಂಕವಿಲ್ಲದೆ ತರಬಹುದಾಗಿದ್ದದ್ದು 50,000 ರೂಪಾಯಿಯ ಸಾಮಾನು, ಅದರ ಮೇಲಿನದಕ್ಕೆ ಶೇ 38.5 ಸುಂಕವಿತ್ತು. ಲೆನ್ಸಿನ ಬೆಲೆ 1,20,000 ರೂಪಾಯಿ ಎಂದುಕೊಳ್ಳಿ. ಮಿತಿ ಮೀರಿದ 70,000ಕ್ಕೆ 26,950 ರೂಪಾಯಿ ಸುಂಕ. ಗಂಡ ಹೆಂಡತಿಯ ಮಿತಿ ಕೂಡಿಸಿ ಒಂದು ಲಕ್ಷ ಮಾಡಿಕೊಳ್ಳಬಹುದೆಂದು ಬಹಳ ಜನ ನಂಬಿದ್ದರು. ಆ ನಿಯಮ ಅದಕ್ಕೆ ಒಪ್ಪುತ್ತಿರಲಿಲ್ಲ. ಅಲ್ಲಿ ತೆರಿಗೆಯಲ್ಲಿ ಉಳಿದ ನೂರಕ್ಕೆ ಹತ್ತು ಪಾಲು ಇಲ್ಲಿ ಸುಂಕದಲ್ಲಿ ನೂರಕ್ಕೆ ಇಪ್ಪತ್ತೆರಡಾಗಿ ಹೋಗುತ್ತಿತ್ತು. ಅದರ ಮೇಲೆ ವಾರಂಟಿ ಬಹುಪಾಲು ಕೊಂಡ ದೇಶಕ್ಕೇ ಸೀಮಿತ. ಎರಡು ಕಿಲೋಗೂ ಮೀರಿದ, ಒಳಗೆ ಮೋಟರು, ಸರ್ಕ್ಯೂಟು ತುಂಬಿದ ಲೆನ್ಸ್ ಕೆಟ್ಟರೆ ಬಿಲ್ಲು ಹಿಡಿದು ಹೋಗಲು ಹತ್ತಿರದಲ್ಲೊಂದು ಬಾಗಿಲು ಇರಬೇಕು. ಸುಂಕದ ಸಾಮಾನು ಇಲ್ಲದವರಿಗೆಂದು ವಿಮಾನ ನಿಲ್ದಾಣದಲ್ಲಿರುವ ಹಸಿರು ದಾರಿಯಲ್ಲಿ ಸುಮ್ಮನೆ ದಾಟಿ ಬನ್ನಿ ಎಂದು ಸಲಹೆ ಕೊಟ್ಟವರೂ ಇದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಮಾತು ಹಿಡಿಸಲಿಲ್ಲ.

ದುಬೈನಲ್ಲಿ ತೆರಿಗೆ ಶೇ 5, ಸಿಂಗಪುರದಲ್ಲಿ 2024ರಿಂದ ಶೇ 9, ಎರಡೂ ಕಡೆ ಪ್ರವಾಸಿಗೆ ಹಿಂದಿರುಗಿಸುವ ಏರ್ಪಾಡಿದೆ. ನ್ಯೂಯಾರ್ಕಿನಲ್ಲಿ ಅದೂ ಇಲ್ಲ. ಊರು ಯಾವುದಾದರೂ, ಹೊಸ ಲೆನ್ಸಿನ ಮಟ್ಟಿಗೆ ನಮ್ಮ ಕಸ್ಟಮ್ಸ್ ಮೇಜಿನ ಮುಂದೆ ಲೆಕ್ಕ ಸಮಕ್ಕೆ ಬರುತ್ತದೆ. ಹೊರಡುವ ಮುನ್ನ ನಿಯಮ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ಬೆಲೆಬಾಳುವ ಕ್ಯಾಮೆರಾ ಇಲ್ಲಿಂದ ಒಯ್ಯುವವರು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡೇ ಹತ್ತಿ. ಮರಳುವಾಗ ಅದು ನಿಮ್ಮದೇ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಹೊಸದು, ದೊಡ್ಡದು, ಊರಿನ ಹತ್ತಿರ. ಹಳೆಯದು, ಗಟ್ಟಿಯಾದದ್ದು, ಇಲ್ಲಿ ಸಿಗದ್ದು, ಪರದೇಶದಲ್ಲಿ. ಹಕ್ಕಿಯ ಲೆನ್ಸನ್ನು ಬೆಂಗಳೂರಿನಲ್ಲಿ ಬಿಲ್ಲು ಹಾಕಿಸಿ ಕೊಂಡೆ. 105 ಎಂಎಂ ಕೈಚೀಲದಲ್ಲಿ ಟೋಕಿಯೊದಿಂದ ಬಂತು. ತುಮಕೂರಿನ ಹಿರಿಯ ಸ್ಟುಡಿಯೊದವರೊಬ್ಬರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಮೇಡಂ, ಬಾಡಿ ಬದಲಾಗ್ತಾನೇ ಇರುತ್ತೆ, ಲೆನ್ಸು ಮನೇಲಿ ಉಳಿಯುತ್ತೆ. ಒಳ್ಳೇದು ತಂದ್ರಿ," ಎಂದರು.

ಆ ವರ್ಷದ ಬೇಸಗೆಯಲ್ಲಿ ಗುಬ್ಬಿ ಹತ್ತಿರದ ಹಳ್ಳಿಯೊಂದರ ಕುರುಕ್ಷೇತ್ರಕ್ಕೆ ಅದನ್ನು ಒಯ್ದೆ. ಬೆಳಗಿನ ಜಾವ ಕರ್ಣ ಬೀಳುವ ಹೊತ್ತಿಗೆ ರಂಗದ ಬೆಳಕು ಚೆಲ್ಲಿ ಮೇಷ್ಟ್ರ ಕೆನ್ನೆಯ ಮೇಲೆ ಒಂದಿಷ್ಟು ಬಿತ್ತು. ಕೈಯಲ್ಲೇ ಫೋಕಸ್ ಮಾಡಿ ತೆಗೆದೆ. ಮುಚ್ಚಿದ ಕಣ್ಣು, ಹಾರ್ಮೋನಿಯಂ ಮನೆಗಳ ಮೇಲಿನ ಬೆರಳು, ಪಕ್ಕದ ಚಹಾ ಲೋಟ ಎಲ್ಲ ಬಂದಿತ್ತು. ಪ್ರಿಂಟ್ ಹಾಕಿಸಿ ಕೊಟ್ಟಾಗ, ಇಷ್ಟು ವರ್ಷದ ನಾಟಕಗಳಲ್ಲಿ ತಾವು ಹಾರ್ಮೋನಿಯಂ ಮುಂದೆ ಕೂತ ಚಿತ್ರ ಮನೆಯಲ್ಲಿ ಒಂದೂ ಇರಲಿಲ್ಲವೆಂದರು.

ಕ್ಯಾಮೆರಾ ಇರುವವರಲ್ಲಿ ನನ್ನದೊಂದು ಕೋರಿಕೆ. ಲೆನ್ಸ್ ವಿದೇಶದಿಂದ ಬಂದದ್ದಿರಲಿ, ಪಕ್ಕದ ಬೀದಿಯದಿರಲಿ, ನಿಮ್ಮೂರಿನಲ್ಲಿ ಈ ಸಲ ನಾಟಕವಿದ್ದರೆ ಅದನ್ನು ಹಿಡಿದು ಹೋಗಿ. ಕೃಷ್ಣ, ಭೀಮ, ದುರ್ಯೋಧನರ ಚಿತ್ರ ಹೇಗೂ ಮೊಬೈಲುಗಳಲ್ಲಿ ತುಂಬಿರುತ್ತದೆ. ನೀವು ಮೇಷ್ಟ್ರದ್ದು, ತಬಲದವರದ್ದು, ಮುಖಕ್ಕೆ ಬಣ್ಣ ಹಚ್ಚುವವರದ್ದು ತೆಗೆಯಿರಿ, ಒಂದು ಪ್ರಿಂಟ್ ಹಾಕಿಸಿ ಅವರ ಮನೆಗೆ ತಲುಪಿಸಿ.