ತಂಪಿನ ಬೆಲೆ

ಗೃಹಸ್ಥರಾದವರಿಗೆ ತಿಂಗಳ ಕೊನೆಯೆಂದರೆ ಒಂದು ಬಗೆಯ ಪರೀಕ್ಷೆ. ಬಂದುದೆಷ್ಟು, ಹೋದುದೆಷ್ಟು ಎಂದು ಬರೆದು ಕೂಡಿಸುವಾಗ, ಹೋದುದರ ಪಟ್ಟಿಯಲ್ಲಿ ಕಾರಣ ತಿಳಿಯದ ಮೊತ್ತವೊಂದು ಕಂಡಿತೆಂದರೆ ಮನಸ್ಸು ಮೊದಲು ಹುಡುಕುವುದು ಕಾರಣವನ್ನಲ್ಲ, ಅಪರಾಧಿಯನ್ನು. ನಾನೂ ಹಾಗೆಯೇ ಮಾಡಿದೆನು. ಮಾಡಿ ಒಬ್ಬ ನಿರಪರಾಧಿಯನ್ನು ನೋಯಿಸಿದೆನು. ಅದನ್ನು ಬರೆಯುವುದು ನನಗೆ ಹೆಮ್ಮೆಯ ಕೆಲಸವಲ್ಲ. ಆದರೆ ಅಂಗಡಿಯಲ್ಲಿಯೋ ಮನೆಯಲ್ಲಿಯೋ ಶೀತಪೆಟ್ಟಿಗೆಯನ್ನು ಇಟ್ಟುಕೊಂಡವರಿಗೆ ಇದರಿಂದ ನಾಲ್ಕು ಕಾಸು ಉಳಿದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೈಸೂರಿನ ಹಳೆಯ ಬೀದಿಯೊಂದರಲ್ಲಿ, ನಮ್ಮ ಮನೆಯ ಮುಂಭಾಗದಲ್ಲಿಯೇ, ನಮ್ಮ ತಂದೆಯವರು ಇಟ್ಟ ದಿನಸಿ ಅಂಗಡಿಯೊಂದುಂಟು. ಅವರ ಕಾಲದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಮೆಣಸಿನಕಾಯಿ ಇವುಗಳದೇ ವ್ಯಾಪಾರ. ಅಂಗಡಿಯಲ್ಲಿ ತಂಪೆಂಬುದು ಇದ್ದುದು ಮೂಲೆಯ ಮರಳಿನ ಮೇಲೆ ಕುಳಿತ ನೀರಿನ ಹೂಜಿಯಲ್ಲಿ ಮಾತ್ರ. ಅದಕ್ಕೆ ಯಾರೂ ಬಿಲ್ಲು ಕಳುಹಿಸುತ್ತಿರಲಿಲ್ಲ. ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾಗಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವೇಳೆಗೆ ಕಾಲವು ಬದಲಾಗಿದ್ದಿತು. ಹಾಲು, ಮೊಸರು, ಬೆಣ್ಣೆ, ಐಸ್‌ಕ್ರೀಮು ಇಲ್ಲದ ಅಂಗಡಿಗೆ ಗಿರಾಕಿಗಳು ಬೇಳೆಗೂ ಬರುವುದಿಲ್ಲ. ಆದುದರಿಂದ ಗಾಜಿನ ಬಾಗಿಲಿನ ನಿಲುವು ಶೀತಪೆಟ್ಟಿಗೆಯೊಂದನ್ನೂ, ಐಸ್‌ಕ್ರೀಮಿಗಾಗಿ ಡೀಪ್ ಫ್ರೀಜರೊಂದನ್ನೂ, ಇತರರು ಬಳಸಿ ಮಾರಿದ್ದನ್ನೇ ಕೊಂಡು ಇಟ್ಟೆವು.

ಕೆಲವು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. 2019ರ ಬೇಸಗೆಯಲ್ಲಿ ವಿದ್ಯುತ್ತಿನ ಬಿಲ್ಲು ತಿಂಗಳಿಂದ ತಿಂಗಳಿಗೆ ಏರತೊಡಗಿತು. ಏಪ್ರಿಲ್ ತಿಂಗಳಲ್ಲಿ ಹಾಲು ಮೊಸರಿನಿಂದ ಬಂದ ಲಾಭವನ್ನೆಲ್ಲ ಅದೊಂದೇ ನುಂಗಿತು. ಅದು ಸಾಲದೆಂಬಂತೆ, ಪೆಟ್ಟಿಗೆಯ ಮೇಲಿನ ಸಾಲಿನಲ್ಲಿಟ್ಟ ಮೊಸರು ಹುಳಿಯಾಗಿ, ಗಿರಾಕಿಗಳು ಹಿಂದಕ್ಕೆ ತಂದುಕೊಟ್ಟರು. ತಂಪು ಸಾಲದೆಂದು ನಾನು ಒಳಗಿನ ತಿರುಗಣೆಯನ್ನು ಕೊನೆಯ ಅಂಕಿಯವರೆಗೆ ತಿರುಗಿಸಿಟ್ಟೆನು. ಮುಂದಿನ ಬಿಲ್ಲು ಮತ್ತಷ್ಟು ದಪ್ಪವಾಯಿತು.

ಆಗ ನಮ್ಮಲ್ಲಿ ಒಬ್ಬ ಹುಡುಗ ಕೆಲಸಕ್ಕಿದ್ದನು. ಆಗಷ್ಟೇ 18 ತುಂಬಿದ್ದಿತು. ಸಂಜೆಯ ಕಾಲೇಜಿಗೆ ಸೇರಬೇಕೆಂದು ಸಂಬಳದಲ್ಲಿ ಒಂದಿಷ್ಟನ್ನು ಕೂಡಿಡುತ್ತಿದ್ದನು. ದಿನಕ್ಕೆ ನೂರು ಬಾರಿ ಆ ಗಾಜಿನ ಬಾಗಿಲನ್ನು ತೆರೆಯುವವನು ಅವನೇ. ಇವನು ಬಾಗಿಲನ್ನು ಸರಿಯಾಗಿ ಹಾಕುವುದಿಲ್ಲ, ತಂಪೆಲ್ಲ ಹೊರಗೆ ಹೋಗುತ್ತಿದೆ ಎಂದು ನಾನು ನಿರ್ಣಯಿಸಿಬಿಟ್ಟೆನು. ಒಂದು ದಿನ ಅವನು, "ಸಾರ್, ಪೆಟ್ಟಿಗೆಯ ಅಡಿ ಕೈಯಿಡೋ ಹಾಗಿಲ್ಲ, ಅಷ್ಟು ಕಾಯ್ತಾ ಇದೆ. ಮೋಟಾರು ನಿಲ್ತಾನೇ ಇಲ್ಲ" ಎಂದನು. ನಾನು, "ಮೋಟಾರಿನ ಮಾತು ಹಾಗಿರಲಿ, ನೀನು ಬಾಗಿಲು ಹಾಕುವುದನ್ನು ಕಲಿ" ಎಂದು ಗಿರಾಕಿಗಳ ಎದುರಿನಲ್ಲಿಯೇ ಗದರಿದೆನು. ಕೆಟ್ಟ ಮೊಸರಿನ ಬೆಲೆಯನ್ನು ಆ ತಿಂಗಳ ಸಂಬಳದಲ್ಲಿ ಹಿಡಿದುಕೊಂಡೆನು. ಅವನು ಏನೂ ಹೇಳಲಿಲ್ಲ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ನನ್ನ ಮಡದಿಯು ಕೇಳಿದಳು: "ಆ ಹುಡುಗ ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಿದ್ದ?"

"ಒಂಬತ್ತು ಗಂಟೆಗೆ."

"ಒಂಬತ್ತರ ಮೇಲೆ ಮೀಟರು ಎಷ್ಟು ಓಡುತ್ತೆ, ಎಂದಾದರೂ ನೋಡಿದ್ದೀರಾ?"

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನನಗೆ ಈ ಲೆಕ್ಕವು ಹೊಳೆದಿರಲಿಲ್ಲ. ಅಂದೇ ಅಂಗಡಿಯ ದೀಪಗಳನ್ನೆಲ್ಲ ಆರಿಸಿ, ಎರಡು ಶೀತಯಂತ್ರಗಳ ಹೊರತು ಬೇರೇನೂ ನಡೆಯದಂತೆ ಮಾಡಿ, 9 ಗಂಟೆಗೆ ಮೀಟರಿನ ಅಂಕಿಯನ್ನು ಬರೆದುಕೊಂಡೆನು. ಬೆಳಗ್ಗೆ 6 ಗಂಟೆಗೆ ಮತ್ತೆ ನೋಡಿದೆನು. ಒಂದು ಬಾಗಿಲೂ ತೆರೆಯದ ಆ ಒಂಬತ್ತು ಗಂಟೆಗಳಲ್ಲಿ 6 ಯೂನಿಟ್ಟು ಖರ್ಚಾಗಿದ್ದಿತು! ನೂರು ವಾಟಿನ ಹಳೆಯ ಬಲ್ಬೊಂದು ಹತ್ತು ಗಂಟೆ ಉರಿದರೆ ಒಂದು ಯೂನಿಟ್ಟು. ಎಂದರೆ, ನಾವು ನಿದ್ರಿಸುತ್ತಿರುವಾಗ ಕತ್ತಲೆಯ ಅಂಗಡಿಯಲ್ಲಿ ಅಂಥ ಆರೇಳು ಬಲ್ಬುಗಳು ಬೆಳಗಿನವರೆಗೆ ಉರಿದಂತಾಯಿತು. ಹುಡುಗನು ಆಗ ಊರಿನ ಇನ್ನೊಂದು ಕೊನೆಯಲ್ಲಿ ತನ್ನ ತಾಯಿಯ ಮನೆಯಲ್ಲಿ ಮಲಗಿದ್ದನು.

ಅಂದೇ ಯಂತ್ರ ರಿಪೇರಿಯವರನ್ನು ಕರೆಸಿದೆನು. ಬಂದವರು ಮಾತನಾಡದೆ, ವಿದ್ಯುತ್ತಿನ ಸಂಪರ್ಕವನ್ನು ತಪ್ಪಿಸಿ, ನಿಲುವು ಪೆಟ್ಟಿಗೆಯ ಅಡಿಯ ಜಾಲರಿಯನ್ನು ಬಿಚ್ಚಿದರು. ಅದರ ಹಿಂದೆ ತೆಳು ರೇಕುಗಳ ನಡುವೆ ಕೊಳವೆಗಳು ಸುತ್ತಿಕೊಂಡ ಭಾಗವೊಂದಿದೆ. ಕಂಡೆನ್ಸರ್ ಎಂದು ಅದರ ಹೆಸರು. ಕೊಳವೆಯಾಗಲಿ ರೇಕಾಗಲಿ ನನಗೆ ಕಾಣಿಸಲಿಲ್ಲ. ಕಂಡುದು ಹಿಟ್ಟಿನ ಧೂಳು, ಮೆಣಸಿನ ಪುಡಿ, ಗೋಣಿಯ ನಾರು ಇವೆಲ್ಲ ಸೇರಿ ಹೆಣೆದ ಕಂಬಳಿಯಂಥ ಒಂದು ಹೊದಿಕೆ. "ಯಜಮಾನರೇ, ಇದಕ್ಕೆ ಉಸಿರಾಡೋಕೆ ಜಾಗವೇ ಇಲ್ಲವಲ್ಲ" ಎಂದರು ಅವರು.

ಶೀತಯಂತ್ರವು ತಂಪನ್ನು ಹುಟ್ಟಿಸುತ್ತದೆಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಅದು ಏನನ್ನೂ ಹುಟ್ಟಿಸುವುದಿಲ್ಲ. ಒಳಗಿರುವ ಶಾಖವನ್ನು ಎತ್ತಿ ಹೊರಗೆ ಚೆಲ್ಲುತ್ತದೆ, ಅಷ್ಟೆ. ಬಾವಿಯ ಹೂಳು ತೆಗೆಯುವ ಮೊದಲು ನೀರನ್ನೆಲ್ಲ ಸೇದಿ ಹೊರಗೆ ಹಾಕುವುದಿಲ್ಲವೆ, ಹಾಗೆಯೇ ಇದು. ಒಳಗಿನ ತಂಪು ಬಾವಿಯ ತಳ. ಹೊರಗಿನ ಬಿಸಿ ಬಾವಿಯ ಕಟ್ಟೆ. ತಳವು ಆಳವಾದಷ್ಟೂ, ಕಟ್ಟೆಯು ಎತ್ತರವಾದಷ್ಟೂ ಒಂದೊಂದು ಕೊಡವನ್ನು ಎಳೆಯಲು ಶ್ರಮ ಹೆಚ್ಚು. ತಿರುಗಣೆಯನ್ನು ಕೊನೆಗೆ ತಿರುಗಿಸಿ ನಾನು ಬಾವಿಯನ್ನು ಮತ್ತಷ್ಟು ತೋಡಿದ್ದೆನು. ಧೂಳು ಮುಚ್ಚಿದ ಕಂಡೆನ್ಸರ್ ಕಾಯ್ದು ಕಾಯ್ದು ಕಟ್ಟೆಯನ್ನು ಎತ್ತರಿಸಿದ್ದಿತು. ಹುಡುಗನು ಕೈಯಿಟ್ಟು ಹೇಳಿದ ಬಿಸಿಯು ಇದೇ.

ಬಾವಿಗೆ ಊಟೆಯೂ ಇದ್ದಿತು. ರಿಪೇರಿಯವರು ಒಂದು ಕಾಗದದ ಚೂರನ್ನು ಬಾಗಿಲಿನ ಸಂದಿನಲ್ಲಿಟ್ಟು ಬಾಗಿಲನ್ನು ಮುಚ್ಚಿ, ಕಾಗದವನ್ನು ಎಳೆದರು. ಸ್ವಲ್ಪವೂ ತಡೆಯಿಲ್ಲದೆ ಅದು ಜಾರಿ ಬಂದಿತು. ಬಾಗಿಲಿನ ಸುತ್ತಲಿನ ರಬ್ಬರು ಗಟ್ಟಿಯಾಗಿ ಮೇಲ್ಭಾಗದಲ್ಲಿ ಸೀಳಿದ್ದಿತು. ಹುಡುಗನು ಎಷ್ಟು ಒತ್ತಿ ಹಾಕಿದರೂ ಆ ಬಾಗಿಲು ಮುಚ್ಚುವಂತಿರಲಿಲ್ಲ. ಹಗಲು ರಾತ್ರಿ ಬೀದಿಯ ಬಿಸಿಗಾಳಿ ಒಳಗೆ ಒಸರುತ್ತಿದ್ದಿತು. ಯಂತ್ರವು ಅದನ್ನು ಬಿಡುವಿಲ್ಲದೆ ಹೊರಗೆ ಹೊರುತ್ತಿದ್ದಿತು. ಮೊಸರು ಹುಳಿಯಾದುದೂ ಸೀಳಿದ ಆ ಭಾಗದ ಬಳಿಯ ಸಾಲಿನಲ್ಲಿಯೇ. ಒಳಗಿನ ಟ್ಯೂಬ್ ದೀಪವೂ ತನ್ನ ಬಿಸಿಯನ್ನು ಅಲ್ಲಿಯೇ ಚೆಲ್ಲುತ್ತಿದ್ದಿತು: ಉರಿಯುವುದಕ್ಕೆ ಒಮ್ಮೆ, ಅದು ಕೊಟ್ಟ ಬಿಸಿಯನ್ನು ಹೊರಹಾಕುವುದಕ್ಕೆ ಇನ್ನೊಮ್ಮೆ, ಹೀಗೆ ಎರಡು ಸಲ ನಾವು ದುಡ್ಡು ಕೊಡುತ್ತಿದ್ದೆವು. ಡೀಪ್ ಫ್ರೀಜರಿನ ಗೋಡೆಗಳ ಮೇಲೆ ಹೆಬ್ಬೆರಳಿನ ದಪ್ಪ ಹಿಮ ಕಟ್ಟಿದ್ದಿತು. ಹಿಮವು ಹೆಚ್ಚಿದಷ್ಟೂ ತಂಪು ಹೆಚ್ಚೆಂದು ನಾನು ಸಂತೋಷಪಟ್ಟಿದ್ದೆನು. ಅದು ಶಾಖವು ಹೊರಟುಹೋಗುವ ದಾರಿಗೆ ಅಡ್ಡಲಾದ ಹೊದಿಕೆಯೆಂದು ಆಗ ತಿಳಿಯಿತು.

ತಂಪನ್ನು ಮಾಡುವುದಕ್ಕಿಂತ ಕಾಯುವುದು ಅಗ್ಗವೆಂಬ ಮಾತು ಹೊಸದಲ್ಲ. ಹಿಂದೆ ಪಾಠ ಹೇಳುತ್ತಿದ್ದ ದಿನಗಳಲ್ಲಿ ಓದಿದ್ದ ಸಂಗತಿಯೊಂದು ಆ ರಾತ್ರಿ ನೆನಪಿಗೆ ಬಂದಿತು. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಅಮೆರಿಕದ ವರ್ತಕನು, ಚಳಿಗಾಲದಲ್ಲಿ ಕತ್ತರಿಸಿ ತೆಗೆದ ಮಂಜುಗಡ್ಡೆಯನ್ನು ಬಾಸ್ಟನ್ ನಗರದಿಂದ ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದನು. ಆ ಹಡಗು ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕು ತಿಂಗಳು ಪ್ರಯಾಣಮಾಡಿತು. ಹೊರಡುವಾಗ ಇದ್ದುದು ಸುಮಾರು 180 ಟನ್ನು. ತಲಪಿದಾಗ ಸುಮಾರು 100 ಟನ್ನು ಉಳಿದಿದ್ದಿತಂತೆ. ಹಡಗಿನಲ್ಲಿ ಶೀತಯಂತ್ರವಿರಲಿಲ್ಲ. ಗಾಳಿಯಾಡದಂತೆ ಒತ್ತಾಗಿ ಜೋಡಿಸಿದ್ದು ಮತ್ತು ಮರದ ಹೊಟ್ಟಿನಂಥ ಹೊದಿಕೆ, ಇಷ್ಟೇ ಅದನ್ನು ಕಾಪಾಡಿದ್ದು. ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಈ ಮಂಜುಗಡ್ಡೆಗಾಗಿಯೇ ಆದದ್ದು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಕೆಲವು ದಿನ ತಂಗಿದ್ದರು. ಮರದ ಹೊಟ್ಟು ನಾಲ್ಕು ತಿಂಗಳು ಮಂಜುಗಡ್ಡೆಯನ್ನು ಕಾಯಿತು. ನನ್ನ ರಬ್ಬರಿನ ಅಂಚು ಒಂದು ರಾತ್ರಿ ಮೊಸರನ್ನು ಕಾಯಲಿಲ್ಲ.

ನಾವು ಮಾಡಿದ ಪರಿಹಾರಗಳು ಬಹು ಸಾಮಾನ್ಯವಾದುವು. ರೇಕುಗಳು ಬಾಗದಂತೆ ಮೆತ್ತನೆಯ ಬ್ರಷ್ಷಿನಿಂದ ಧೂಳನ್ನು ತೆಗೆದೆವು. ಹೊಸ ರಬ್ಬರನ್ನು ಹಾಕಿಸಿದೆವು. ಪೆಟ್ಟಿಗೆಯನ್ನು ಪಡುವಣ ಬಿಸಿಲು ಬೀಳುವ ಸ್ಥಳದಿಂದ ಒಳಕ್ಕೆ ಸರಿಸಿ, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಬಿಟ್ಟೆವು. ಟ್ಯೂಬನ್ನು ತೆಗೆದು ಎಲ್‌ಇಡಿ ದೀಪವನ್ನು ಹಾಕಿದೆವು. ಒಳಗೆ ಗಾಳಿ ತಿರುಗುವ ದಾರಿಯನ್ನು ಮುಚ್ಚಿದ್ದ ಬಾಟಲಿಗಳನ್ನು ತೆಗೆದೆವು. ಹಿಮವನ್ನು ಕರಗಿಸಿದೆವು, ಚಾಕುವಿನಿಂದ ಕೆರೆಯಬಾರದು, ಕೊಳವೆ ತೂತಾದೀತು. ಒಂದು ಚಿಕ್ಕ ಉಷ್ಣಮಾಪಕವನ್ನು ಒಳಗೆ ತೂಗಹಾಕಿದೆವು. ಹಾಲು ಮೊಸರಿಗೆ 4 ಡಿಗ್ರಿ, ಐಸ್‌ಕ್ರೀಮಿಗೆ ಸೊನ್ನೆಯ ಕೆಳಗೆ 18 ಡಿಗ್ರಿ ಇದ್ದರೆ ಸಾಕು. ಅದಕ್ಕಿಂತ ಕೆಳಗಿಳಿದ ಪ್ರತಿಯೊಂದು ಡಿಗ್ರಿಯೂ ದಂಡವೇ. ಎರಡು ದಿನದ ಮೇಲೆ ಮತ್ತೆ ರಾತ್ರಿಯ ಲೆಕ್ಕವನ್ನು ತೆಗೆದೆನು. 6 ಇದ್ದುದು ಮೂರೂವರೆಗೆ ಇಳಿದಿದ್ದಿತು. ಹಗಲಿನ ಉಳಿತಾಯವೂ ಇದೇ ಪ್ರಮಾಣವೆಂದು ಹಿಡಿದರೆ ತಿಂಗಳಿಗೆ ಸುಮಾರು 200 ಯೂನಿಟ್ಟು. ಮಾಡಿದ ಖರ್ಚು ಎರಡನೆಯ ಬಿಲ್ಲು ಬರುವುದರೊಳಗೆ ತೀರಿತು.

ಹೊಸ ಯಂತ್ರವನ್ನು ಕೊಳ್ಳಬೇಕೆ ಎಂದು ಕೇಳುವವರುಂಟು. ಇದ್ದುದನ್ನು ಮೊದಲು ಚೊಕ್ಕಟ ಮಾಡಿ, ಅಳೆದು, ಆಮೇಲೆ ಯೋಚಿಸಬೇಕು. ಕೊಳ್ಳಲೇಬೇಕಾದಾಗ ನಕ್ಷತ್ರಗಳ ಚೀಟಿಯನ್ನು ನೋಡಬೇಕು. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯು 2006ರಲ್ಲಿ ಆರಂಭಿಸಿದ ಈ ಏರ್ಪಾಡು 2020ರಲ್ಲಿ ಡೀಪ್ ಫ್ರೀಜರುಗಳಿಗೂ ಬಂದಿತು. ನಮ್ಮ ಹಳೆಯ ಫ್ರೀಜರು 2022ರಲ್ಲಿ ನಿಂತುಹೋದಾಗ ಆ ಚೀಟಿಯನ್ನು ಓದಿಯೇ ಬೇರೊಂದನ್ನು ತಂದೆವು. ಕೊಳ್ಳುವ ಬೆಲೆಯನ್ನು ಒಮ್ಮೆ ಕೊಡುತ್ತೇವೆ, ನಡೆಸುವ ಬೆಲೆಯನ್ನು ದಿನವೂ ಕೊಡುತ್ತೇವೆ.

ದೊಡ್ಡ ನಗರಗಳ ವಿಶಾಲವಾದ ಮಳಿಗೆಗಳಿಗೆ ಹೋದಾಗ ಬಾಗಿಲೇ ಇಲ್ಲದ ಶೀತಕಪಾಟುಗಳ ಸಾಲನ್ನು ವಾಚಕರು ನೋಡಿರಬಹುದು. ಮುಂದೆ ನಿಂತರೆ ಕಾಲಿಗೆ ಚಳಿಯಾಗುತ್ತದೆ. ಇಂಥ ಕಪಾಟುಗಳು ಹೊರಹಾಕಬೇಕಾದ ಶಾಖದಲ್ಲಿ ಬಹುಪಾಲು, ತೆರೆದ ಮುಖದಿಂದ ನುಗ್ಗುವ ಅಂಗಡಿಯ ಗಾಳಿಯದೇ. ದೊಡ್ಡ ಆಹಾರಮಳಿಗೆಗಳ ವಿದ್ಯುತ್ತಿನಲ್ಲಿ ಸುಮಾರು ಅರ್ಧ ಭಾಗವು ಶೀತಯಂತ್ರಗಳಿಗೇ ಹೋಗುತ್ತದೆಂದು ಬಲ್ಲವರು ಹೇಳುತ್ತಾರೆ. ಗಾಜಿನ ಬಾಗಿಲು ಹಾಕಿದರೆ, ಅದೂ ಆಗದಿದ್ದರೆ ರಾತ್ರಿ ಪರದೆಯನ್ನಾದರೂ ಎಳೆದರೆ, ಬಹಳ ಉಳಿಯುತ್ತದೆ. ಆ ಖರ್ಚು ಅಂಗಡಿಯವನದಲ್ಲವೆ ಎನ್ನಬೇಡಿ. ಬೆಣ್ಣೆಯ ಬೆಲೆಯಲ್ಲಿ ಸೇರಿ ಅದು ನಮ್ಮ ಮನೆಗೇ ಬರುತ್ತದೆ.

ಹುಡುಗನ ಮಾತನ್ನು ಕೊನೆಗೆ ಉಳಿಸಿಕೊಂಡೆನು. ಹಿಡಿದುಕೊಂಡ ಹಣವನ್ನು ತೆಗೆದುಕೊಂಡು ಅವನ ಮನೆಗೆ ಹೋದೆನು. ಅವನ ತಾಯಿಯು ಬಾಗಿಲಲ್ಲಿ ನಿಂತು, "ನಮ್ಮ ಹುಡುಗ ಬಾಗಿಲು ಹಾಕಿದ್ದೀನಿ ಅಂದ್ರೆ ಹಾಕಿರ್ತಾನೆ, ಸಾರ್" ಎಂದರು. "ಹೌದು ತಾಯಿ, ತಪ್ಪು ನನ್ನದು" ಎಂದೆನು. ಬೇರೆ ಏನು ಹೇಳಲೂ ತೋಚಲಿಲ್ಲ. ಅವನು ಮರುವಾರ ಕೆಲಸಕ್ಕೆ ಬಂದನು. ಆ ವರ್ಷವೇ ಸಂಜೆಯ ಕಾಲೇಜಿಗೂ ಸೇರಿದನು.

ಈಗಲೂ ತಿಂಗಳ ಮೊದಲನೆಯ ದಿನ ನಾನೇ ನೆಲದ ಮೇಲೆ ಕುಳಿತು ಆ ರೇಕುಗಳ ಧೂಳನ್ನು ತೆಗೆಯುತ್ತೇನೆ. ಬಾಗಿಲಿಗೆ ಕಾಗದದ ಚೂರನ್ನು ಸಿಕ್ಕಿಸಿ ಎಳೆದು ನೋಡುತ್ತೇನೆ. ಯಂತ್ರವು ಸರಿಯಾಗುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಆದರೆ ಹುಡುಗನು ಹಿಂದಿರುಗಿದ ಮೇಲೆ ಎಷ್ಟೋ ತಿಂಗಳು, ಗಿರಾಕಿಯು ಹಾಲು ಕೇಳಿದಾಗಲೆಲ್ಲ, ಗಾಜಿನ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ, "ತೆಗೀಲಾ, ಸಾರ್?" ಎಂದು ಕೇಳುತ್ತಿದ್ದನು.